ಹೊಸ ಡಿಸ್ಕಿನ ಎಣ್ಣೆ

ಬೆಳಕು ಸರಿಯಿತು, ಹಾಗೆ ಸರಿಯಬಾರದು, ಚಳಿಗಾಲದ ಕೊನೆಯ ಸೋಮವಾರ, ಬೆಳಿಗ್ಗೆ ಎಂಟು ಗಂಟೆ, ಶೆಡ್ಡಿನೊಳಗೆ ಇನ್ನೂ ಮಬ್ಬು, ಟಾರ್ಚು ಹಿಡಿದವಳು ನನ್ನ ಮಗಳು, ಅವಳ ಕಾರಿನ ಎಡಗಡೆಯ ಮುಂಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ್ದೇನೆ, ಬ್ರೇಕು ಹಿಡಿಯುವ ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿ ನೇತುಹಾಕಿದ್ದೇನೆ, ಅದರ ಭಾರ ಬ್ರೇಕಿನ ಪೈಪಿನ ಮೇಲೆ ಬೀಳಬಾರದು, ಉಳಿದದ್ದು ಬ್ರೇಕಿನ ಹಳೇ ಡಿಸ್ಕು ಒಂದೇ, ಚಕ್ರ ಕೂರುವ ಹಬ್‌ಗೆ ತುಕ್ಕಿನಲ್ಲಿ ಕಚ್ಚಿಕೊಂಡು ಮೂರು ದಿನದಿಂದ ನನ್ನ ಮಾತು ಕೇಳುತ್ತಿಲ್ಲ. ಮಗು ಹುಟ್ಟಿದ ಮೇಲೆ ಎಂಟು ತಿಂಗಳು ಅವಳು ಇಲ್ಲೇ ಇದ್ದಳು, ಕಾರೂ ಇಲ್ಲೇ, ಕದಲದೆ, ನೀರು ಜಿನುಗುವ ಶೆಡ್ಡಿನಲ್ಲಿ. ತುಕ್ಕಿಗೆ ಅವಸರ ಆಗದು, ಎಣ್ಣೆ ಬಿಡು, ಕಾಯಿ, ಸುತ್ತಲೂ ಮೆಲ್ಲಗೆ ತಟ್ಟು, ಮತ್ತೆ ಎಣ್ಣೆ, ಮತ್ತೆ ಕಾಯಿ, ನಲವತ್ತು ವರ್ಷ ಲಾರಿ ಶೆಡ್ಡಿನಲ್ಲಿ ಹಾಗೇ ಬದುಕಿದವನು ನಾನು — ಬೆಳಕು ನನ್ನ ಸುತ್ತಿಗೆಯನ್ನು ಬಿಟ್ಟು ಬೀಗರ ಬೆರಳಿನ ಮೇಲೆ ಹೋಗಿ ನಿಂತಿತು. ಬೀಗರು, ಅವಳ ಮಾವ, ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರು, ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋಗಲು ನಿನ್ನೆ ಬಂದವರು, ಇಸ್ತ್ರಿ ಅಂಗಿಯ ತೋಳು ಮಡಚಿ ಕುಕ್ಕರಗಾಲಿನಲ್ಲಿ ಕೂತು, ಬೀಗರೇ, ಇಲ್ಲಿ ಎರಡು ತೂತಿವೆ ನೋಡಿ, ಎರಡು ಬೋಲ್ಟು ಹಾಕಿ ತಿರುಗಿಸಿದ್ರೆ ತಾನಾಗೇ ಎದ್ದು ಬರುತ್ತೆ ಅಂದರು, ಮೆಲ್ಲಗೆ, ಹಿಂದಿನ ಬೆಂಚಿನವನಿಗೆ ನೋವಾಗಬಾರದು ಎನ್ನುವ ದನಿಯಲ್ಲಿ, ರಾತ್ರಿಯೇ ಮೊಬೈಲಿನಲ್ಲಿ ನೋಡಿಟ್ಟುಕೊಂಡಿದ್ದರಂತೆ. ಆ ತೂತು ನನಗೆ ಗೊತ್ತಿಲ್ಲವೇ, ಲಾರಿಯ ಬ್ರೇಕ್ ಡ್ರಮ್ಮಿನಲ್ಲಿ ನೂರು ಸಲ ಕಂಡಿದ್ದೇನೆ, ಇಲ್ಲಿ ತುಕ್ಕು ಮೆತ್ತಿ ಸಮ ಆಗಿತ್ತು, ಕಣ್ಣಿಗೆ ಬೀಳಲಿಲ್ಲ, ಮೂರು ದಿನ ಬೀಳಲಿಲ್ಲ.

ಟಾರ್ಚು ಹಿಡಿಯುವುದನ್ನು ಅವಳಿಗೆ ಕಲಿಸಿದ್ದು ನಾನು, ಏಳು ವರ್ಷದವಳು ಆಗ, ಸ್ಕೂಲು ಬಿಟ್ಟು ನೇರ ಲಾರಿ ಶೆಡ್ಡಿಗೆ ಬರುತ್ತಿದ್ದಳು, ಬೆಳಕು ನನ್ನ ಕೈ ಮೇಲೆ ಬೇಡ ಮಗಳೇ, ನನ್ನ ಕಣ್ಣು ಹೋಗೋ ಕಡೆ ಹಿಡಿ, ಅಂದರೆ ಅವಳು ಇಂಜಿನ್ನು ನೋಡದೆ ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು, ನಾನು ಕೇಳುವ ಮೊದಲೇ ಬೆಳಕು ಅಲ್ಲಿರುತ್ತಿತ್ತು, ಹೆಲ್ಪರುಗಳೆಲ್ಲ ಹೊಟ್ಟೆಕಿಚ್ಚು ಪಡುತ್ತಿದ್ದರು, ಈಗ ಅವಳು ನೋಡುತ್ತಿರುವ ಮುಖ ಬೀಗರದ್ದು. ಮೊಳೆಯ ತುದಿಯಿಂದ ತುಕ್ಕು ಕೆರೆದರು, ಬೋಲ್ಟು ಹಾಕಿದರು, ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು, ಡಿಸ್ಕು ಟಣ್ ಎಂದು ಬಿಟ್ಟುಕೊಂಡಿತು, ನನ್ನ ಎಣ್ಣೆ ಮೂರು ದಿನ ಕುಡಿದದ್ದು ಅವರ ಕೈಗೆ ಬಂದು ಬಿಟ್ಟುಕೊಂಡಿತು, ಅದನ್ನು ಹೇಳುವವರು ಯಾರು. ಅಪ್ಪ ಮೂರು ದಿನ ಗುದ್ದಿದ್ದನ್ನ ಮೂರು ನಿಮಿಷಕ್ಕೆ ತೆಗೆದ್ರಲ್ಲ ಮಾವ, ಅಂದಳು ಮಗಳು ನಗುತ್ತ, ಒಳಗಿಂದ ನನ್ನವಳು, ಅವರು ಗುದ್ದಿದ್ದೂ ದಂಡ ಏನಲ್ಲ, ಕೂಸಿಗೆ ಮಧ್ಯಾಹ್ನದ ನಿದ್ದೆ ತಪ್ಪಿಸಿದ್ರಲ್ಲ ಅಂದಳು, ಎಲ್ಲರೂ ನಕ್ಕರು, ನಾನೂ ನಕ್ಕೆ, ನಗದೆ ಇದ್ದರೆ ಗೊತ್ತಾಗಿಬಿಡುತ್ತದೆ. ಬೀಗರು ಹೊಸ ಡಿಸ್ಕನ್ನು ಡಬ್ಬಿಯಿಂದ ತೆಗೆದರು, ಎಂಥ ಹೊಳಪು, ಅದು ಎಣ್ಣೆಯ ಹೊಳಪು, ಅಂಗಡಿಯಲ್ಲಿ ತುಕ್ಕು ಹಿಡಿಯದಿರಲಿ ಎಂದು ಕಾರ್ಖಾನೆಯವರು ಬಳಿದು ಕಳಿಸುವುದು, ಥಿನ್ನರಿನಲ್ಲಿ ಒರೆಸದೆ ಕೂರಿಸಿದರೆ ಡಿಸ್ಕನ್ನು ಕಚ್ಚಿ ಹಿಡಿಯುವ ಪ್ಯಾಡು ಆ ಎಣ್ಣೆ ಹೀರುತ್ತದೆ, ಬ್ರೇಕು ಜಾರುತ್ತದೆ, ತೆಗೆಯುವುದನ್ನಷ್ಟೇ ನೋಡಿಕೊಂಡು ಬಂದ ಮೇಷ್ಟ್ರಿಗೆ ಅದು ಗೊತ್ತಿಲ್ಲ, ಟೋಪಿ ಹಾಕುವ ಹಾಗೆ ಎರಡು ಕೈಯಲ್ಲಿ ಹಿಡಿದು ಹಾಕಿಬಿಟ್ಟರು. ಮಾತು ಹಲ್ಲಿನ ತನಕ ಬಂತು. ಅಲ್ಲೇ ನಿಂತಿತು. ಜಾರಲಿ, ಬೀದಿಯ ಕೊನೆಯಲ್ಲಿ ಒಂದು ಸಲ ಜಾರಲಿ, ಮೆಲ್ಲಗೆ ಹೋಗುವಾಗ, ಯಾರಿಗೂ ಏನೂ ಆಗದ ಹಾಗೆ, ಅವಳು ಕಾಲಿಟ್ಟಾಗ ಹಿಡಿಯದಿರಲಿ, ಇಳಿದು ಬಂದು ನನ್ನ ಮುಖ ನೋಡಲಿ. ಬಲಗಡೆಯದನ್ನೂ ಅವರೇ ಬಿಚ್ಚಿ ಅವರೇ ಕೂರಿಸಿದರು, ನಾನು ಸ್ಪ್ಯಾನರು ಕೊಡುತ್ತ ಕೂತೆ, ಕೇಳಿದ್ದು ಕೊಟ್ಟೆ, ಕೇಳದ್ದು ಕೊಡಲಿಲ್ಲ. ಒಂದು ರೌಂಡು ಹೋಗಿ ಬರೋಣವಾ ಮಾವ ಅಂದಳು, ಗುರುವಾರ ಹೊರಡ್ತೀವಲ್ಲ, ಅದೇ ರೌಂಡು ಅಂದರು ಬೀಗರು ಕೈ ತೊಳೆಯುತ್ತ.

ಮಂಗಳವಾರ ಮಗಳು ಹಿಂದಿನ ಸೀಟಿನಲ್ಲಿ ಕೂಸಿನ ಸೀಟು ಕಟ್ಟಿದಳು, ಬೆಲ್ಟು ಎಳೆದೆಳೆದು ನೋಡಿದಳು, ಕೂಸನ್ನು ಕೂರಿಸಿ ತೂಗಿದಳು, ಅದು ಮುಂದಿನ ಸೀಟಿನ ಬೆನ್ನಿಗೆ ಕಾಲಲ್ಲಿ ಒದ್ದು ಕೇಕೆ ಹಾಕಿತು, ಆಗಿನಿಂದ ನನ್ನ ಕಣ್ಣ ಮುಂದೆ ಶುರುವಾಯಿತು, ನಮ್ಮ ಬೀದಿ ಕೊನೆಯಲ್ಲಿ ಇಳಿಜಾರು, ಇಳಿಜಾರು ಹೋಗಿ ಸೇರುವುದು ಲಾರಿ ಓಡುವ ದೊಡ್ಡ ರಸ್ತೆಗೆ, ಅಲ್ಲಿ ಕಾರಿನ ಹಿಂದಿನ ಎರಡು ಕೆಂಪು ದೀಪ ಹೊತ್ತುತ್ತವೆ, ಕಾರು ನಿಲ್ಲುವುದಿಲ್ಲ. ಊಟಕ್ಕೆ ಕೂತರೆ ಕೆಂಪು ದೀಪ, ಬೀಗರು ಪೇಪರು ಓದಿ ಹೇಳುತ್ತಿದ್ದರೆ ಕೆಂಪು ದೀಪ. ಹೇಳಿಬಿಡು, ಹೇಳಿದರೆ ಸೋಮವಾರ ಯಾಕಪ್ಪ ಸುಮ್ಮನಿದ್ದೆ ಎಂದು ಕೇಳುತ್ತಾಳೆ, ಅದಕ್ಕೆ ನನ್ನ ಹತ್ತಿರ ಉತ್ತರ ಇದೆ, ಹೇಳುವಂಥದ್ದಲ್ಲ. ಬುಧವಾರ ಎಲ್ಲರೂ ಕೂಸಿಗೆ ಚುಚ್ಚುಮದ್ದು ಹಾಕಿಸಲು ಆಟೋದಲ್ಲಿ ಹೋದರು, ನಾನು ಮೊಣಕಾಲು ನೋವು ಎಂದು ಉಳಿದೆ, ಜಾಕಿ ಕೊಟ್ಟೆ, ಚಕ್ರ ಬಿಚ್ಚಿದೆ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಡಿಸ್ಕಿನ ಎರಡೂ ಮುಖ ಥಿನ್ನರಿನಲ್ಲಿ ಒರೆಸಿದೆ, ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ ಒರೆಸಿದೆ, ಪ್ಯಾಡುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿದೆ, ಎಡಕ್ಕೆ ಮಾಡಿದ್ದು ಬಲಕ್ಕೂ, ಬ್ರೇಕಿನ ಪೆಡಲು ಗಟ್ಟಿಯಾಗುವ ತನಕ ಒತ್ತಿದೆ, ಅವರು ಬರುವ ಹೊತ್ತಿಗೆ ಜಗಲಿಯಲ್ಲಿ ಕೂತು ಮೊಣಕಾಲು ತಿಕ್ಕುತ್ತಿದ್ದೆ, ಎಷ್ಟು ತಿಕ್ಕಿದರೂ ಕೈಯ ಥಿನ್ನರು ವಾಸನೆ ಹೋಗದು, ಮಗಳು ಮೂಗು ಅರಳಿಸಿ ನನ್ನ ಕಡೆ ನೋಡಿದಳು, ಏನೋ ಕೇಳುವವಳಿದ್ದಳು, ಕೂಸು ಅತ್ತಿತು, ಒಳಗೆ ಹೋದಳು.

ಹೊರಟಾಗ ಅವಳೇ ಓಡಿಸಿದಳು, ಪಕ್ಕದಲ್ಲಿ ಬೀಗರು, ಹಿಂದೆ ಕೂಸು, ಗೇಟಿನ ಹತ್ತಿರ ಒಮ್ಮೆ ಬ್ರೇಕು ಒತ್ತಿ ತಲೆ ಹೊರಗೆ ಹಾಕಿ, ಎಷ್ಟು ಚೆನ್ನಾಗಿ ಹಿಡಿಯುತ್ತೆ ನೋಡಪ್ಪ, ಮಾವನ ಕೈಗುಣ, ಅಂದಳು. ಹೌದಮ್ಮ ಅಂದೆ. ಬೀಗರು ಕೈ ಮುಗಿದರು, ನಾನೂ ಮುಗಿದೆ, ನನ್ನವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು, ನಾನು ಗೇಟು ಹಿಡಿದು ನಿಂತೆ, ಇಳಿಜಾರಿನ ಕೊನೆಯಲ್ಲಿ ಕಾರು ನಿಂತಿತು, ಒಂದು ಲಾರಿ ದಾಟಿ ಹೋಗಲು ಬಿಟ್ಟು ಎಡಕ್ಕೆ ತಿರುಗಿತು, ನಿಂತದ್ದನ್ನು ಕಣ್ಣಾರೆ ಕಂಡೆ, ಹೋದದ್ದು ಗುರುವಾರ, ಮಗಳು, ಕೂಸು, ಬೀಗರು, ಸುಖವಾಗಿ ಮುಟ್ಟಿದೆವು ಎಂದು ಅವತ್ತೇ ರಾತ್ರಿ ಫೋನೂ ಬಂತು, ಇವತ್ತಿಗೆ ಎಷ್ಟು ದಿನವಾಯಿತು, ಕಣ್ಣು ಮುಚ್ಚಿದರೆ ಕೆಂಪು ದೀಪ ಎರಡೂ ಹೊತ್ತಿವೆ, ಕಾರು ನಿಲ್ಲುತ್ತಿಲ್ಲ