ಸಮುದ್ರ ಶಾಂತವಾಗಿದೆ

"ಅವ್ರು ಬರೋ ಹೊತ್ತಾಯ್ತು. ಆ ಕಾಗದ ಜೇಬಲ್ಲಿಟ್ಕೊಂಡು ಇನ್ನೂ ಎಷ್ಟೊತ್ತು ಹೀಗೆ ಓಡಾಡ್ತೀರಾ?"

ನಾರಾಯಣಪ್ಪ ಓಡಾಡುತ್ತಲೇ ಇದ್ದ. ಸುಂದರಮ್ಮ ಅಡುಗೆಮನೆಯಿಂದ ಹೊರಗೆ ಬಂದು, ಗಂಡನ ಎದುರಿಗೆ ನಿಂತು, ಅದನ್ನೇ ಗಟ್ಟಿಯಾಗಿ ಇನ್ನೊಮ್ಮೆ ಕೇಳಿದಳು.

"ಏನ್ ಮಾಡ್ಲಿ ಅಂತೀಯ? ಸಭೆ ನಮ್ಮನೇಲೇ. ರಿಜಿಸ್ಟರ್ ನನ್ನ ಕೈಲೇ," ಎಂದ. "ಓಡ್ಹೋಗೋಣ ಅಂದ್ರೂ ಬಾಗ್ಲು ತೆಗೆಯೋನು ನಾನೇ."

"ಜ್ವರ ಅಂತ ಹೇಳಿ ಕಳಿಸ್ಬಿಡ್ತೀನಿ."

"ಮುಂದಿನ ತಿಂಗ್ಳು?"

ಸುಂದರಮ್ಮ ಸೌಟು ಹಿಡಿದುಕೊಂಡೇ ಒಳಗೆ ಹೋದಳು. ಒಲೆಯ ಮೇಲೆ ಕೇಸರಿಬಾತು ತಳ ಹಿಡಿಯುವುದರಲ್ಲಿತ್ತು.

ಶಂಕರಪುರದ ಆ ಬಾಡಿಗೆ ಮನೆಯಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ದೂರಶ್ರವಣ ಸಂಘದ ಸಭೆ. ಹೆಸರು ದೊಡ್ಡದಾದರೂ ಸಂಘದಲ್ಲಿ ಉಳಿದಿದ್ದವರು ಮೂರೇ ಜನ. ಅಧ್ಯಕ್ಷ ನಾರಾಯಣಪ್ಪ, ಅಂಚೆ ಇಲಾಖೆಯಿಂದ ನಿವೃತ್ತರಾದ ಬೈರಯ್ಯ, ಅವೆನ್ಯೂ ರಸ್ತೆಯ ಹಿಂದಿನ ಓಣಿಯಲ್ಲಿ ರೇಡಿಯೋ ರಿಪೇರಿ ಮಾಡುವ ಆಂಜಿನಯ್ಯ. ಯಾರಿಗೂ ಬೇಡವಾದ ದೂರದೇಶದ ಸಣ್ಣಪುಟ್ಟ ರೇಡಿಯೋ ಕೇಂದ್ರಗಳನ್ನು ಹಿಡಿಯುವುದು ಇವರ ಹುಚ್ಚು. ಊರೊಳಗೆ ಮಿಕ್ಸಿ, ಹಿಟ್ಟಿನ ಗಿರಣಿ, ಟ್ಯೂಬ್‌ಲೈಟುಗಳ ಗೊರಗೊರದಲ್ಲಿ ಅವು ಸಿಗುವುದಿಲ್ಲ. ಅದಕ್ಕಾಗಿ ಮಿಲಿಟರಿ ಹರಾಜಿನಲ್ಲಿ ಕೊಂಡ ಹನ್ನೆರಡು ಕಿಲೋ ತೂಕದ ಪೆಟ್ಟಿಗೆಯನ್ನು ತುಮಕೂರಿನ ಬಸ್ಸಿನ ಮೇಲೆ ಹಾಕಿಕೊಂಡು ದೇವರಾಯನದುರ್ಗ ಹತ್ತುತ್ತಿದ್ದರು. ಬಂಡೆಯಿಂದ ಬಂಡೆಗೆ ತಂತಿ ಕಟ್ಟಿ, ಹೆಡ್‌ಫೋನ್ ಹಾಕಿ, ಕೇಳಿಸಿದ್ದನ್ನು ಬರೆದು ಆ ಕೇಂದ್ರಕ್ಕೆ ಕಳಿಸುವುದು. ಬರೆದದ್ದು ಸರಿಯಿದ್ದರೆ ಅವರು ಒಂದು ಬಣ್ಣದ ಕಾರ್ಡು ಕಳಿಸುತ್ತಾರೆ. ನಾರಾಯಣಪ್ಪನ ಗೋಡೆಯ ಮೇಲೆ ಅಂಥ ಅರವತ್ತಮೂರು ಕಾರ್ಡುಗಳಿದ್ದವು.

ಸಂಘಕ್ಕೆ ನಿಯಮಗಳು ಎರಡೇ. ಸ್ವಂತ ಕಿವಿಗೆ ಬಿದ್ದದ್ದನ್ನು ಮಾತ್ರ ಬರೆಯಬೇಕು. ಜವಾಬು ಬರುವವರೆಗೆ ಏನು ಕೇಳಿಸಿತೆಂದು ಒಬ್ಬರಿಗೊಬ್ಬರು ಹೇಳಬಾರದು. ಎರಡನ್ನೂ ಬರೆದವನು ನಾರಾಯಣಪ್ಪನೇ. ಎರಡು ವರ್ಷದ ಹಿಂದೆ, ಎಂಬತ್ತೊಂದರಲ್ಲಿ, ರಾಮಾನುಜ ಎಂಬ ಸದಸ್ಯ ಕೇಂದ್ರದವರು ಮೊದಲೇ ಅಚ್ಚು ಹಾಕಿಸುವ ಕಾರ್ಯಕ್ರಮಪಟ್ಟಿ ನೋಡಿಕೊಂಡು ವರದಿ ಬರೆದು ಸಿಕ್ಕಿಬಿದ್ದಿದ್ದ. ಅವನು ಕೈಮುಗಿದು ನಿಂತಿದ್ದಾಗಲೇ ನಾರಾಯಣಪ್ಪ ಸ್ಕೇಲಿಟ್ಟು ಕೆಂಪು ಶಾಯಿಯಲ್ಲಿ ಅವನ ಹೆಸರು ಹೊಡೆದುಹಾಕಿದ. "ಕೇಳ್ಸದೇ ಇರೋದನ್ನ ಕೇಳಿಸ್ತು ಅಂತ ಬರೆಯೋನ ಜೊತೆ ನಾನು ಬೆಟ್ಟ ಹತ್ತೋದಿಲ್ಲ," ಎಂದಿದ್ದ. ಆಮೇಲೆ ರಾಮಾನುಜ ಗಾಂಧಿಬಜಾರಿನಲ್ಲಿ ಎದುರು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದ. ಆಗೆಲ್ಲ ನಾರಾಯಣಪ್ಪನಿಗೆ ಒಂದಿಷ್ಟು ಹೆಮ್ಮೆಯೇ ಆಗುತ್ತಿತ್ತು.

ದೇವರು ಇಂಥವರ ಕಿವಿಯನ್ನೇ ಹುಡುಕಿಕೊಂಡು ಬರುತ್ತಾನೋ ಏನೋ. ಹೋದ ವರ್ಷದಿಂದ ನಾರಾಯಣಪ್ಪನಿಗೆ ಮಾತು ಬರೀ ಗುಂಯ್ ಎನ್ನುವ ಸದ್ದಾಗತೊಡಗಿತು. ತುಟಿ ಕಂಡರೆ ಅರ್ಥವಾಗುತ್ತಿತ್ತು, ಬೆನ್ನು ತಿರುಗಿಸಿದರೆ ಇಲ್ಲ. ಆಫೀಸಿನಲ್ಲಿ ಎಲ್ಲವನ್ನೂ ಬರಹದಲ್ಲಿ ಕೊಡಿ ಎಂದು ಗತ್ತು ಮಾಡಿ ನಿಭಾಯಿಸಿದ. ರೇಡಿಯೋಗೆ ತುಟಿಯಿಲ್ಲ. ಬೆಟ್ಟದ ಮೇಲೆ ಸರದಿ ಬಂದಾಗ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ತಲೆದೂಗಿ, ಮನೆಗೆ ಬಂದು ಪಟ್ಟಿ ನೋಡಿ ಬರೆದ. ಮೊದಲ ಸಲ ಬರೆದದ್ದನ್ನು ಮೂರು ದಿನ ಅಂಚೆಗೆ ಹಾಕದೆ ಇಟ್ಟುಕೊಂಡ. ಕಾರ್ಡು ಬಂತು. ಎರಡನೇ ಸಲ ಬರೆದ ದಿನವೇ ಹಾಕಿದ.

ಜನವರಿಯಲ್ಲಿ ಮೂವರೂ ಹೋಗಿದ್ದಾಗ, ಸಂಜೆ ಬಿಸಿಲು ಬಂಡೆಯ ಮೇಲಿಂದ ಇಳಿಯುತ್ತಿದ್ದ ಹೊತ್ತಿಗೆ, ಪೂರ್ವದ ಮಹಾಸಾಗರದ ಯಾವುದೋ ಮೂಲೆಯ ಟವೋರ ದ್ವೀಪದ ಕೇಂದ್ರ ಸಿಕ್ಕಿತು. ಆಂಜಿನಯ್ಯ ಹೆಡ್‌ಫೋನ್ ತೆಗೆದಾಗ ಅವನ ಕಣ್ಣು ಒದ್ದೆಯಾಗಿತ್ತು. ಅಷ್ಟು ದೂರದ ಕೇಂದ್ರ ಸಿಕ್ಕ ಖುಷಿಗೆ ಇರಬೇಕೆಂದು ನಾರಾಯಣಪ್ಪ ಅವನ ಬೆನ್ನು ತಟ್ಟಿದ. ತಾನು ಹಾಕಿಕೊಂಡಾಗ ಜೇನುಗೂಡಿನಂಥ ಸದ್ದು ಬಿಟ್ಟರೆ ಏನೂ ಇಲ್ಲ. ಮನೆಗೆ ಬಂದು ಪಟ್ಟಿಯಲ್ಲಿದ್ದಂತೆ ಬರೆದ: ಜಾನಪದ ಹಾಡುಗಳು, ನಂತರ ಮೀನುಗಾರರಿಗೆ ಹವಾಮಾನ. ವರದಿ ಸ್ವಲ್ಪ ಮೈತುಂಬಿಕೊಳ್ಳಲಿ ಎಂದು ಇನ್ನೊಂದು ಮಾತು ಸೇರಿಸಿದ: ಸಮುದ್ರ ಶಾಂತವಾಗಿದೆ.

ಈಗ ಜೇಬಿನಲ್ಲಿದ್ದದ್ದು ಅದರ ಜವಾಬು.

ಹತ್ತಕ್ಕೆ ಐದು ನಿಮಿಷವಿರುವಾಗಲೇ ಇಬ್ಬರೂ ಬಂದರು. ಆಂಜಿನಯ್ಯ ವಿಶ್ವೇಶ್ವರಪುರದಿಂದ ಖಾರಾ ಬನ್ ತಂದಿದ್ದ. ಪದ್ಧತಿಯಂತೆ ಬೈರಯ್ಯನವರು ಮೊದಲು ತಮ್ಮ ಕಾರ್ಡು ತೋರಿಸಿದರು.

"ನಂಗೆ ಕೇಳಿಸಿದ್ದು ಒಂದು ಹೆಂಗಸಿನ ದನಿ," ಎಂದು ಅವರು ನಾರಾಯಣಪ್ಪನ ಕಡೆ ತಿರುಗಿ ನಿಧಾನವಾಗಿ ಹೇಳಿದರು. "ಬರೀ ಹೆಸ್ರು ಓದ್ತಾ ಇದ್ಲು. ಒಂದಾದ್ಮೇಲೆ ಒಂದು."

"ನಂಗೂ ಅಷ್ಟೇ," ಎಂದ ಆಂಜಿನಯ್ಯ. "ಮಧ್ಯದಲ್ಲಿ ಒಂದ್ಸಲ ನಿಲ್ಲಿಸ್ಬಿಟ್ಲು. ಅಳ್ತಿದ್ಲು ಅನ್ಸುತ್ತೆ."

ಆಮೇಲೆ ಇಬ್ಬರೂ ಅಧ್ಯಕ್ಷರ ಕಡೆ ನೋಡಿದರು. ನಾರಾಯಣಪ್ಪ ಜೇಬಿನಿಂದ ಲಕೋಟೆ ತೆಗೆದು ಬೈರಯ್ಯನವರ ಕೈಗಿಟ್ಟ. ಬಾಯಲ್ಲಿ ಹೇಳುವ ಧೈರ್ಯ ಅವನಿಗಿರಲಿಲ್ಲ.

"ಗಟ್ಟಿಯಾಗಿ ಓದಿ," ಎಂದ. "ಪೂರ್ತಿ."

ಅದರಲ್ಲೇನಿತ್ತೆಂದು ಅವನಿಗೆ ಬಾಯಿಪಾಠವಾಗಿತ್ತು. ಆ ದಿನ ನಮ್ಮ ದೋಣಿಯೊಂದು ಮುಳುಗಿ ನಲವತ್ತೊಂದು ಜನ ಸತ್ತರು. ರಾತ್ರಿಯೆಲ್ಲ ಅವರ ಹೆಸರುಗಳನ್ನಷ್ಟೇ ಓದಿದೆವು. ಸಮುದ್ರ ಶಾಂತವಾಗಿದೆ ಎಂದು ನಾವು ಹೇಳಲಿಲ್ಲ. ತಾವು ಬೇರೆ ಯಾವುದೋ ಕೇಂದ್ರವನ್ನು ಕೇಳಿರಬೇಕು. ಓದಿದ ಹೆಸರುಗಳ ಪಟ್ಟಿ ಜೊತೆಗಿದೆ. ಬೈಗುಳದ ಒಂದು ಮಾತೂ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೈರಯ್ಯನವರು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಂತರ ಕಾಗದವನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದು ಓದತೊಡಗಿದರು. ನಾರಾಯಣಪ್ಪನಿಗೆ ಅವರ ತುಟಿ ಕಾಣಲಿಲ್ಲ. ಗುಂಯ್ ಎನ್ನುವ ಸದ್ದು ಏರಿತು, ಇಳಿಯಿತು, ನಿಂತಿತು. ಆಂಜಿನಯ್ಯ ನೆಲ ನೋಡುತ್ತ ಕುಳಿತಿದ್ದ. ನಾರಾಯಣಪ್ಪ ಎದ್ದು ನಿಂತ. ರಾಮಾನುಜ ನಿಂತಿದ್ದ ಜಾಗವೇ ಅದು.

ಬೈರಯ್ಯನವರು ಕಾಗದ ಮಡಿಸಿ ಚಪ್ಪಾಳೆ ತಟ್ಟಿದರು. ಒಂದು ಕ್ಷಣ ಬಿಟ್ಟು ಆಂಜಿನಯ್ಯನೂ ತಟ್ಟಿದ.

"ಪೂರ್ತಿ ಓದಿದ್ರಾ?"

"ಓದ್ದೆ, ಓದ್ದೆ. ಕೂತ್ಕೊಳ್ಳಿ," ಎಂದು ಬೈರಯ್ಯನವರು ಅವನ ಕೈ ಕುಲುಕಿದರು. ಪದ್ಧತಿಯಂತೆ ರಿಜಿಸ್ಟರ್ ಎಳೆದುಕೊಂಡು ಏನೋ ಬರೆದು ಮುಚ್ಚಿಟ್ಟರು. ಕೇಸರಿಬಾತು ತಿಂದರು, ಕಾಫಿ ಕುಡಿದರು, ಎಂದಿಗಿಂತ ಬೇಗ ಹೊರಟರು. ಬಾಗಿಲಲ್ಲಿ ಬೈರಯ್ಯನವರು ನಾರಾಯಣಪ್ಪನಿಗೆ ಬೆನ್ನು ಮಾಡಿ ಸುಂದರಮ್ಮನ ಹತ್ತಿರ ಏನೋ ಹೇಳಿದರು.

ಅವರು ಹೋದ ಮೇಲೆ ನಾರಾಯಣಪ್ಪ ರಿಜಿಸ್ಟರ್ ತೆಗೆದ. ಬೈರಯ್ಯನವರ ದುಂಡು ಅಕ್ಷರ: ಟವೋರ. ಶ್ರೀ ನಾರಾಯಣಪ್ಪನವರ ವರದಿ ಸರಿಯೆಂದು ಜವಾಬು ಬಂದಿದೆ.

"ಏನೋದಿದ್ರು?" ಎಂದು ಹೆಂಡತಿಯನ್ನು ಕೇಳಿದ.

ಸುಂದರಮ್ಮ ಅವನ ಎದುರಿಗೆ ಬಂದು ಕುಳಿತಳು. "ನಿಮ್ಮ ವರದಿ ಅಕ್ಷರಶಃ ಸರಿ ಇದೆ, ಧನ್ಯವಾದ, ಅಂತ ಓದಿದ್ರು. ಹೋಗ್ತಾ ಏನಂದ್ರು ಗೊತ್ತಾ? ಅವ್ರ ಕಿವಿ ವಿಷ್ಯ ಒಂದು ವರ್ಷದಿಂದ ನಮ್ಗೆ ಗೊತ್ತು ತಾಯಿ, ಇದು ಇಲ್ಲಿಗೇ ಇರ್ಲಿ, ಅಂದ್ರು."

ನಾರಾಯಣಪ್ಪನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಒಳಗಿದ್ದವನನ್ನು ಒಳಗೇ ಬಿಟ್ಟು, ಅವನ ಒಳ್ಳೆಯದಕ್ಕೇ ಎಂದು ಹೊರಗಿನಿಂದ ಚಿಲಕ ಹಾಕಿದಂತಾಯಿತು. ಇನ್ನು ಇವರ ಜೊತೆ ಬೆಟ್ಟ ಹತ್ತಿದಷ್ಟು ಸಲವೂ ತಾನು ತಲೆದೂಗಬೇಕು, ಅವರು ಚಪ್ಪಾಳೆ ತಟ್ಟಬೇಕು. ರಾಮಾನುಜನನ್ನು ಉಳಿಸಲು ಯಾರೂ ಹೀಗೆ ಸುಳ್ಳು ಓದಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಅಷ್ಟಕ್ಕಾದರೂ ಕಿವಿ ಇನ್ನೂ ಉಪಯೋಗಕ್ಕಿತ್ತು.

ಕೆಂಪು ಶಾಯಿಯ ಪೆನ್ನು ತೆಗೆದ. ಸದಸ್ಯರ ಪುಟದಲ್ಲಿ ಮೊದಲನೆಯದಾಗಿದ್ದ ತನ್ನ ಹೆಸರಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದ. ಸುಂದರಮ್ಮ ತಡೆಯಲಿಲ್ಲ. ಲಕೋಟೆಯಲ್ಲಿ ಯಾರೂ ಬಿಡಿಸದ ಇನ್ನೊಂದು ಹಾಳೆ, ಹೆಸರುಗಳ ಪಟ್ಟಿ, ಉಳಿದಿತ್ತು. ಅದನ್ನು ಬಿಡಿಸಿ ಅವಳ ಕೈಗೆ ಕೊಟ್ಟು, ಹೊಸ ವರದಿ ಫಾರಂ ಮುಂದಿಟ್ಟುಕೊಂಡ.

"ಓದು."

"ಇಂಗ್ಲಿಷಲ್ಲಿದೆ. ನಾನು ಎಸ್ಸೆಲ್ಸಿ, ಅದೂ ಯಾವ ಕಾಲದ್ದು. ಬಾಯೇ ತಿರುಗಲ್ಲ."

"ತಿರುಗಿದಷ್ಟು ಓದು. ಹತ್ರ ಬಾ. ಕಿವೀಲೇ ಹೇಳು."

ಅವಳು ಕುರ್ಚಿ ಎಳೆದುಕೊಂಡು, ಬಾಯನ್ನು ಅವನ ಬಲಗಿವಿಗೆ ತಂದು, ಒಂದನೇ ತರಗತಿಯ ಮಗುವಿನ ಹಾಗೆ ಅಕ್ಷರ ಕೂಡಿಸಿ ಕೂಗಿದಳು. "ಇಯೋಬಾ... ಟೆಕೀ."

ಅವನು ಬರೆದ.

"ಟೆರೀಟಾ ಮಾಯ್. ಪೌಲೋ... ಪೌಲೋ ಟಾಮು."

ಪಕ್ಕದ ಮನೆಯ ಪಾರ್ವತಮ್ಮ ಏನು ಜಗಳವೋ ಎಂದು ಕಿಟಕಿಗೆ ಬಂದು ನೋಡಿದರು. ಸುಂದರಮ್ಮ ನಿಲ್ಲಿಸಲಿಲ್ಲ. ಹದಿನೇಳನೇ ಹೆಸರಿಗೆ ಅವಳ ಗಂಟಲು ಒಣಗಿತು. ಮೇಜಿನ ಮೇಲಿದ್ದ ಚೆಂಬನ್ನೆತ್ತಿ ಎರಡು ಗುಟುಕು ನೀರು ಕುಡಿದು, ಬಾಯಿ ಒರೆಸಿಕೊಂಡು, ಮತ್ತೆ ಅವನ ಕಿವಿಗೆ ಬಗ್ಗಿದಳು.