ಎರಡು ಕೆಂಪು ಚುಕ್ಕಿ

ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವವನಿಗೆ ಎಲ್ಲರೂ ಇಟ್ಟ ಹೆಸರು ಗಾಜಣ್ಣ. ವಯಸ್ಸು ಐವತ್ತಾರು. ಹುಟ್ಟಿದ ಮೂರನೇ ದಿನ ಯಾರೋ ಅವನನ್ನು ಅನಾಥಾಲಯದ ಮೆಟ್ಟಿಲ ಮೇಲೆ ಬಿಟ್ಟು ಹೋಗಿದ್ದರು. ಬುದ್ಧಿ ಬಂದಾಗಿನಿಂದ ಅವನಿಗೊಂದು ಚಾಳಿ: ಬಸ್ಸಿನಲ್ಲಿ ಹೆಂಗಸರ ಕಿವಿ ನೋಡುವುದು. ಅವನ ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿತ್ತು. ಅದು ತಾಯಿಯಿಂದಲೇ ಬಂದಿರಬೇಕೆಂದು ಅವನ ನಂಬಿಕೆ. ಮೊದಲು ನಡುವಯಸ್ಸಿನವರನ್ನು ನೋಡುತ್ತಿದ್ದವನು ಈಗ ಮುದುಕಿಯರನ್ನು ನೋಡುತ್ತಿದ್ದ. ಹುಡುಕುವವನ ಜೊತೆ ಅವಳಿಗೂ ವಯಸ್ಸಾಗಬೇಕಲ್ಲ!

"ಒಂದಿನ ಯಾರಾದ್ರೂ ಕಪಾಳಕ್ಕೆ ಬಾರಿಸ್ತಾರೆ, ನೋಡ್ತಿರಿ" ಎಂದು ಹೆಂಡತಿ ರೇಗಿಸುತ್ತಿದ್ದಳು.

ಪ್ರಯೋಗಾಲಯದ ಡಾಕ್ಟರಮ್ಮನ ಸಂಶೋಧನೆ ನಿಯಂತ್ರಕ ಟಿ ಕೋಶಗಳ ಮೇಲೆ. ಒಂದು ಮಧ್ಯಾಹ್ನ ತೊಳೆದ ಬೀಕರುಗಳನ್ನು ಜೋಡಿಸುತ್ತಾ ಗಾಜಣ್ಣ ಕೇಳಿಯೇಬಿಟ್ಟ: "ಮೂವತ್ತೊಂದು ವರ್ಷದಿಂದ ತೊಳೀತಿದೀನಿ. ಇದರಲ್ಲಿ ಏನ್ ಬೇಯಿಸ್ತೀರಿ ಅಂತ ಇವತ್ತಾದ್ರೂ ಹೇಳಿ."

ಡಾಕ್ಟರಮ್ಮ ನಕ್ಕರು. "ನಮ್ಮ ರಕ್ತದಲ್ಲಿ ಒಂದು ಕಾವಲು ಪಡೆ ಇರತ್ತೆ ಗಾಜಣ್ಣ. ಹೊರಗಿನವರು ನುಗ್ಗಿದ್ರೆ ಹೊಡೆದು ಹಾಕತ್ತೆ. ಆದ್ರೆ ಅದಕ್ಕೆ ತಲೆ ಕೆಟ್ರೆ ನಮ್ಮ ಮೈಯನ್ನೇ ತಿನ್ನತ್ತೆ."

"ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ."

"ಹೂಂ. ಹಾಗಾಗದಂತೆ ಪಡೆನ ತಡೆಯೋದು ನಾನು ಅಭ್ಯಾಸ ಮಾಡೋ ಕೋಶಗಳು. ಇನ್ನೊಂದು ವಿಚಿತ್ರ ಕೇಳಿ. ನಾವು ಹೊಟ್ಟೇಲಿದ್ದಾಗ ತಾಯಿಯ ಕೆಲವು ಜೀವಕೋಶ ನಮ್ಮೊಳಗೆ ಬಂದುಬಿಡತ್ತೆ. ಹಾಗೆ ನೋಡಿದ್ರೆ ಅದೂ ಹೊರಗಿನದೇ. ಆದ್ರೆ 'ಅದನ್ನ ಮುಟ್ಬೇಡಿ' ಅಂತ ಪಡೆನ ಸುಮ್ಮನಿರಿಸೋದ್ರಲ್ಲಿ ಈ ತಡೆಯೋ ಕೋಶಗಳದ್ದೂ ಕೈಯಿದೆ. ಎಷ್ಟೋ ಜನಕ್ಕೆ ಕೂದಲು ನೆರೆತ ಮೇಲೂ ಅದು ಮೈಯಲ್ಲೇ ಇರತ್ತೆ."

ಗಾಜಣ್ಣ ಕೈಯಲ್ಲಿದ್ದ ಬೀಕರನ್ನು ಕೆಳಗಿಟ್ಟ. "ಅಂದ್ರೆ, ಅಮ್ಮ ನನ್ನೊಳಗೆ ಇದಾಳಾ? ತೋರಿಸ್ತೀರಾ?"

ಡಾಕ್ಟರಮ್ಮ ನಾಲಿಗೆ ಕಚ್ಚಿಕೊಂಡರು. ಲಕ್ಷ ಕೋಶದಲ್ಲಿ ಒಂದು ಸಿಕ್ಕರೆ ಪುಣ್ಯ, ಸಿಗದೆಯೂ ಹೋಗಬಹುದು ಎಂದರು. ಆದರೆ ಆ ಮುಖ ನೋಡಿಕೊಂಡು ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಕಾಗದಕ್ಕೆ ಸಹಿ ಹಾಕಿಸಿಕೊಂಡು ರಕ್ತ ತೆಗೆದುಕೊಂಡರು. "ಬಣ್ಣ ಹಾಕಿ ನೋಡಿದ್ರೆ ಗಂಡಸಿನ ಕೋಶದಲ್ಲಿ ಒಂದು ಕೆಂಪು, ಒಂದು ಹಸಿರು ಚುಕ್ಕಿ ಕಾಣತ್ತೆ. ಹೆಂಗಸಿನದಾದ್ರೆ ಎರಡೂ ಕೆಂಪು."

ಐದು ವಾರ ಗಾಜಣ್ಣನಿಗೆ ಅನ್ನ ರುಚಿಸಲಿಲ್ಲ. ತೊಳೆದ ಬೀಕರನ್ನೇ ಮತ್ತೆ ತೊಳೆದ. ಏನಾದರೊಂದು ನೆಪ ಮಾಡಿಕೊಂಡು ಡಾಕ್ಟರಮ್ಮನ ಬಾಗಿಲವರೆಗೆ ಹೋಗುವನು, ಏನೂ ಕೇಳದೆ ವಾಪಸು ಬರುವನು. ಬಸ್ಸಿನಲ್ಲಿ ಯಾರ ಕಿವಿಯನ್ನೂ ನೋಡಲಿಲ್ಲ.

ಕೊನೆಗೊಂದು ದಿನ ಅವರೇ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಕಪ್ಪು ಹಿನ್ನೆಲೆಯಲ್ಲಿ ಕೋಶಗಳ ಸಂತೆ. ನಡುವೆ ಒಂದೇ ಒಂದರಲ್ಲಿ ಎರಡು ಕೆಂಪು ಚುಕ್ಕಿ. ಗಾಜಣ್ಣನ ಕಣ್ಣು ಮಂಜಾಯಿತು. ಒರೆಸಿಕೊಂಡು ಮತ್ತೆ ನೋಡಿದ. "ಅಮ್ಮಾ" ಎಂದ, ಐವತ್ತಾರು ವರ್ಷಕ್ಕೆ ಮೊದಲ ಸಲ, ಎದುರಿಗೆ ಇದ್ದವಳನ್ನು ಕರೆದಂತೆ.

"ಅಲುಗಾಡ್ತಾನೇ ಇಲ್ವಲ್ಲ?"

"ಬಣ್ಣ ಹಾಕೋಕೆ ಮುಂಚೆ ಕೋಶನ ಸಾಯಿಸ್ಲೇಬೇಕು ಗಾಜಣ್ಣ." ಕಸುಬಿನ ಮಾತು ಬಾಯಿಂದ ಜಾರಿದ ಮೇಲೆ ಡಾಕ್ಟರಮ್ಮನಿಗೆ ಕೆಡುಕೆನಿಸಿತು.

ಗಾಜಣ್ಣ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಡಾಕ್ಟರಮ್ಮ ಮುಂದುವರಿಸಿದರು: "ಇದು ತಾಯಿದೇ ಅಂತ ಖಂಡಿತ ಹೇಳೋಕಾಗಲ್ಲ. ನಿಮಗೊಬ್ಬ ಅಕ್ಕ ಇದ್ದಿದ್ರೆ, ಅವಳ ಕೋಶ ತಾಯಿಯೊಳಗೆ ಉಳಿದು ನಿಮಗೆ ಬಂದಿರಬಹುದು. ಇನ್ನಷ್ಟು ರಕ್ತ ಕೊಡಿ. ಇಂಥದ್ದು ಇನ್ನೂ ಕೆಲವು ಸಿಕ್ರೆ ಯಾರದು ಅಂತ ತಿಳೀಬಹುದು."

ಅಕ್ಕ! ಅಂಥ ಆಸೆಯನ್ನೂ ಪಡಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ತಿಳಿಯಲೇಬೇಕೆನಿಸಿತು. ಸರಸರ ಅಂಗಿಯ ತೋಳು ಮಡಚುತ್ತಿದ್ದವನ ಕೈ ಅರ್ಧಕ್ಕೇ ನಿಂತಿತು.

"ಅವನ್ನೂ ಹೀಗೇ ಮಾಡ್ಬೇಕಾ?"

ಡಾಕ್ಟರಮ್ಮ ಹೌದೆಂದು ತಲೆಯಾಡಿಸಿದರು.

ಗಾಜಣ್ಣ ತೋಳು ಇಳಿಸಿ ಗುಂಡಿ ಹಾಕಿಕೊಂಡ. "ಬೇಡ ಡಾಕ್ಟರಮ್ಮ. ಅಮ್ಮನೋ ಅಕ್ಕನೋ, ಇಷ್ಟು ವರ್ಷ ನನ್ ಜೊತೆ ಹೇಗೋ ಬಾಳಿದಾರೆ. ಉಳಿದೋರು ಇರ್ಲಿ."