ಹತ್ತೊಂಬತ್ತು ನಿಮಿಷ

ಮನುಕುಲ ಇನ್ನೂ ಬಗೆಹರಿಸಿಕೊಳ್ಳದ ಗಹನ ಪ್ರಶ್ನೆಗಳಲ್ಲಿ ಇದೂ ಒಂದು: ಕಾದಂಬರಿಯ ನಾಯಕಿ ಪೆಟ್ಟಿಗೆ ಹೊತ್ತು, ಹತ್ತೊಂಬತ್ತು ನಿಮಿಷದಲ್ಲಿ, ಮನೆಯಿಂದ ರೈಲು ನಿಲ್ದಾಣ ಮುಟ್ಟಬಲ್ಲಳೇ?

ಮುಟ್ಟಲಾರಳು ಎಂದು ಬಸ್ ಡಿಪೋದ ಟೈಂಕೀಪರ್ ತೀರ್ಪಿತ್ತಿದ್ದ. ಅವನ ಹೆಂಡತಿ ಆ ಪುಸ್ತಕವನ್ನು ಮೂರು ಸಲ ಓದಿದವಳು. ಅಲ್ಲಿನ ಬೇಕರಿಯ ಬಿಸಿಗಾಳಿ, ಗೋಂದಿನ ಕಾರ್ಖಾನೆಯ ವಾಸನೆ, ಸೇತುವೆಯ ಎಪ್ಪತ್ತೆರಡು ಮೆಟ್ಟಿಲು ಎಲ್ಲವೂ ಬಾಯಿಪಾಠ. ಸ್ವಂತ ಬೀದಿಯ ದರ್ಜಿ ಅಂಗಡಿ ಎಡಕ್ಕೋ ಬಲಕ್ಕೋ ಎಂದರೆ ತಡವರಿಸುತ್ತಿದ್ದಳು. ಅವಳು ಹೊರಗೆ ಹೋಗುವುದೇ ಕಡಿಮೆ. ನಾಲ್ಕು ವರ್ಷದಿಂದ ಅಕ್ಕನನ್ನು ನೋಡುವ ಆಸೆ. ಅಕ್ಕನ ಊರಿಗಿರುವುದು ಸಂಜೆ ಆರರ ರೈಲೊಂದೇ. ಹಾಸಿಗೆ ಹಿಡಿದ ಅತ್ತೆಯನ್ನು ಗಂಡ ಬರುವವರೆಗೆ ಬಿಟ್ಟು ಏಳುವಂತಿಲ್ಲ. ಗಂಡ ಬರುವುದು ಐದು ನಲವತ್ತೊಂದಕ್ಕೆ. "ಆಗೋ ಮಾತಲ್ಲ ಬಿಡು" ಎಂಬುದು ಅವನ ಖಾಯಂ ಉತ್ತರ.

"ಬರೆದವನಿಗೇನು, ಕುರ್ಚಿ ಮೇಲೆ ಕೂತು ಓಡಿಸ್ತಾನೆ. ಬರೀ ಮೆಟ್ಟಿಲಿಗೇ ನಾಲ್ಕು ನಿಮಿಷ ಬೇಕು ಕಣೇ."

"ನಿಮ್ಮ ಬಸ್ಸಿಗೆ ಬೇಕು. ಅವಳಿಗೆ ಹೋಗೋ ಮನಸ್ಸಿತ್ತು."

ಮೂರು ದಿನ ಮಾತು ನಿಂತಿತು. "ಅವಳನ್ನ ರೈಲು ಹತ್ತಿಸಿಬಿಡೋ ಮಾರಾಯಾ, ಅಡುಗೆಗೆ ಉಪ್ಪು ಬಿದ್ದು ಮೂರು ದಿನ ಆಯ್ತು" ಎಂದಳು ಹಾಸಿಗೆಯಿಂದ ಅತ್ತೆ.

ಟೈಂಕೀಪರ್ ಲೆಕ್ಕಕ್ಕೆ ಕೂತ. ಪುಸ್ತಕದ ತಿರುವು, ಅಂಗಡಿ, ಮೆಟ್ಟಿಲುಗಳನ್ನೆಲ್ಲ ಡ್ಯೂಟಿ ಹಾಳೆಯ ಬೆನ್ನಿಗೆ ಬರೆದು ಕೂಡಿದ. ದೂರ ಎರಡು ಸಾವಿರದ ನೂರು ಹೆಜ್ಜೆ. ತಮ್ಮ ಮನೆಯಿಂದ ನಿಲ್ದಾಣಕ್ಕೂ ಹೆಚ್ಚುಕಮ್ಮಿ ಅಷ್ಟೇ.

"ನೀನೇ ನಡೆದು ನೋಡು. ನಾಳೆ ನಾನು ಒಳಗೆ ಕಾಲಿಟ್ಟ ತಕ್ಷಣ ಹೊರಡಬೇಕು. ಪೆಟ್ಟಿಗೆ ಖಾಲಿ ಇರಕೂಡದು, ಈಗಲೇ ಹೇಳಿದೀನಿ. ಅವಳು ಹೇಗೆ ತುಂಬಿದ್ಳೋ ಹಾಗೆ."

"ಹಾಗೇ ತುಂಬ್ತೀನಿ" ಎಂದಳು ಹೆಂಡತಿ.

ಮೂವತ್ತೊಂದು ವರ್ಷ ಸಮಯ ಕಾದವನು ಷರತ್ತುಗಳಲ್ಲಿ ಏನನ್ನೂ ಬಿಟ್ಟಿರಲಿಲ್ಲ, ನಿಲ್ದಾಣದಲ್ಲಿ ನಿಜವಾದ ರೈಲೊಂದು ನಿಂತಿರುತ್ತದೆ ಎಂಬುದನ್ನುಳಿದು.

ಮರುದಿನ ಅವನು ಚಪ್ಪಲಿ ಬಿಡುವಷ್ಟರಲ್ಲಿ ಅವಳು ಬೀದಿಯಲ್ಲಿದ್ದಳು. ಅವನು ತಾಯಿಗೆ ಗಂಜಿ ಕುಡಿಸುತ್ತಾ ಗಡಿಯಾರ ನೋಡಿದ. ಆರು ದಾಟಿ ಮೂರು ನಿಮಿಷಕ್ಕೆ ಫೋನ್ ಬಂತು.

"ಹದಿನಾರು ನಿಮಿಷ ಸಾಕಾಯ್ತುರೀ."

"ಪೆಟ್ಟಿಗೆ ಹಗುರ ಇತ್ತೇನೋ."

"ಹತ್ತು ದಿನದ ಬಟ್ಟೆ ಇದೆ."

"ಸರಿ, ಒಪ್ಪಿದೆ. ಬಾ ಇನ್ನು. ಅದೇನು ಗಡಗಡ ಸದ್ದು?"

"ರೈಲು ಸೇತುವೆ ದಾಟ್ತಾ ಇದೆ."

"ಹೋದ್ಳಾ?" ಎಂದಳು ತಾಯಿ.

ಹೆಂಡತಿ ಅಕ್ಕನ ಮನೆಯಲ್ಲಿ ಒಂಬತ್ತು ದಿನ ಇದ್ದಳು. ಟೈಂಕೀಪರ್ ಅಷ್ಟೂ ದಿನ ರಜೆ ಹಾಕಿದ.